ಟಿಎಸ್‌ಎಚ್ ಒಂದನ್ನೇ ನೋಡಿ ತೀರ್ಮಾನಿಸಬೇಡಿ

ಸಂಪಾದಕರಿಗೆ,

ಮಾನ್ಯರೇ,

ಮಕ್ಕಳ ಕುಂಠಿತ ಬೆಳವಣಿಗೆಯ ಬಗ್ಗೆ ನಿಮ್ಮ ಆರೋಗ್ಯ ಪುರವಣಿಯಲ್ಲಿ ಬಂದ ಲೇಖನ ಬಹುಮಟ್ಟಿಗೆ ಉಪಯುಕ್ತವಾಗಿತ್ತು. ಆದರೆ ಅದರಲ್ಲಿದ್ದ ಎರಡು ಮಾತುಗಳನ್ನು ತಿದ್ದಲೇಬೇಕು. ಬೆಳವಣಿಗೆಯ ಹಾರ್ಮೋನಿನ ಜೀನ್ ಸರಿಯಿದ್ದರೆ ಕೊರತೆ ಆನುವಂಶಿಕವಲ್ಲ ಎಂಬುದು ಒಂದು. ಥೈರಾಯ್ಡ್ ಗ್ರಂಥಿಯನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನಾದ ಟಿಎಸ್‌ಎಚ್ ಸರಿಯಿದ್ದರೆ ಥೈರಾಯ್ಡ್ ಬಗ್ಗೆ ಚಿಂತೆ ಬೇಡ ಎಂಬುದು ಇನ್ನೊಂದು. ಎರಡೂ ಒಂದೇ ತಪ್ಪು ತಿಳಿವಳಿಕೆಯಿಂದ ಹುಟ್ಟಿದವು. ಎರಡನೆಯದನ್ನು ನಂಬಿ ಕೂತರೆ ಮಗುವಿಗೆ ಅಪಾಯ.

ಬೆಳವಣಿಗೆಯ ಹಾರ್ಮೋನಿನ ಜೀನ್ ಚರ್ಮದ ಕೋಶದಲ್ಲೂ ಇದೆ, ಯಕೃತ್ತಿನ ಕೋಶದಲ್ಲೂ ಇದೆ. ಆದರೆ ರಕ್ತದಲ್ಲಿ ಓಡಾಡುವ ಹಾರ್ಮೋನನ್ನು ತಯಾರಿಸುವುದು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಮುಂಭಾಗದ ಒಂದು ಬಗೆಯ ಕೋಶಗಳು. ಬೇರೆ ಅಂಗಗಳಲ್ಲಿ ಆ ಜೀನ್ ಇರುವ ಡಿಎನ್‌ಎ ಭಾಗ ಹಿಸ್ಟೋನ್ ಪ್ರೋಟೀನುಗಳಿಗೆ ಸುತ್ತಿಕೊಂಡು ಮುಚ್ಚಿರುತ್ತದೆ. ಪಿಟ್ಯುಟರಿಯಲ್ಲಿ ಅದನ್ನು ತೆರೆಸುವುದು ಪಿಟ್-1 ಎಂಬ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್, ಅಂದರೆ ಜೀನನ್ನು ಕೆಲಸಕ್ಕೆ ಹಚ್ಚುವ ಪ್ರೋಟೀನ್. 1988ರಲ್ಲಿ ಗುರುತಿಸಲಾದ ಈ ಪ್ರೋಟೀನ್, ಜೀನ್ ಶುರುವಾಗುವ ಜಾಗಕ್ಕಿಂತ ಮುಂಚಿನ ಸುಮಾರು 150 ಡಿಎನ್‌ಎ ಅಕ್ಷರಗಳೊಳಗೆ ಎರಡು ಕಡೆ ಅಂಟಿಕೊಳ್ಳುತ್ತದೆ. ಅಷ್ಟೇ ಸಾಲದು. ಮನುಷ್ಯರಲ್ಲಿ ಇನ್ನೂ ಹಿಂದೆ, ಸುಮಾರು 14,500 ಅಕ್ಷರಗಳಷ್ಟು ದೂರದ ನಿಯಂತ್ರಣ ಭಾಗದಲ್ಲೂ ಪಿಟ್-1 ಕೂರಬೇಕು. ಆಗಷ್ಟೇ ಆ ಉದ್ದಕ್ಕೂ ಹಿಸ್ಟೋನ್‌ಗಳಿಗೆ ಅಸಿಟೈಲ್ ಗುಂಪುಗಳು ಸೇರಿ, ಡಿಎನ್‌ಎ ಸಡಿಲಗೊಂಡು, ಜೀನ್ ಪೂರ್ಣ ಪ್ರಮಾಣದಲ್ಲಿ ಕೆಲಸ ಮಾಡುತ್ತದೆ.

ಇದೇ ಪಿಟ್-1, ಎದೆಹಾಲು ತರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನಿನ ಜೀನನ್ನೂ ಟಿಎಸ್‌ಎಚ್‌ನ ಬೀಟಾ ಸರಪಳಿಯ ಜೀನನ್ನೂ ನಡೆಸುತ್ತದೆ. ಹಾಗಾದರೆ ಮೂರು ಬಗೆಯ ಕೋಶಗಳು ಮೂರು ಬೇರೆ ಹಾರ್ಮೋನುಗಳನ್ನು ತಯಾರಿಸುವುದು ಹೇಗೆ? ಟಿಎಸ್‌ಎಚ್ ಕೋಶದಲ್ಲಿ ಪಿಟ್-1 ಜೊತೆಗೆ ಗಾಟಾ-2 ಎಂಬ ಇನ್ನೊಂದು ಫ್ಯಾಕ್ಟರ್ ಕೈಜೋಡಿಸಬೇಕು. ಪ್ರೊಲ್ಯಾಕ್ಟಿನ್ ಜೀನಿನಲ್ಲಿ ಈಸ್ಟ್ರೊಜೆನ್ ಗ್ರಾಹಕದ ನೆರವು ಸಿಗುತ್ತದೆ. ಪ್ರೊಲ್ಯಾಕ್ಟಿನ್ ಕೋಶದಲ್ಲಿ ಬೆಳವಣಿಗೆಯ ಹಾರ್ಮೋನ್ ಏಕೆ ತಯಾರಾಗುವುದಿಲ್ಲ ಎಂಬುದಕ್ಕೆ ಸಿಕ್ಕ ಉತ್ತರವಂತೂ ಬೆರಗು ಹುಟ್ಟಿಸುವಂಥದ್ದು. ಪಿಟ್-1 ತನ್ನ ಎರಡು ಭಾಗಗಳಿಂದ ಡಿಎನ್‌ಎಯನ್ನು ಹಿಡಿಯುತ್ತದೆ. ಬೆಳವಣಿಗೆಯ ಹಾರ್ಮೋನಿನ ಜೀನಿನಲ್ಲಿ ಆ ಎರಡು ಹಿಡಿತಗಳ ನಡುವೆ ಪ್ರೊಲ್ಯಾಕ್ಟಿನ್ ಜೀನಿನಲ್ಲಿರುವುದಕ್ಕಿಂತ ಕೇವಲ 2 ಅಕ್ಷರಗಳಷ್ಟು ಹೆಚ್ಚು ಅಂತರವಿದೆ. ಆ ಅಂತರದಿಂದ ಪಿಟ್-1ರ ಭಂಗಿ ಬದಲಾಗಿ, ಪ್ರೊಲ್ಯಾಕ್ಟಿನ್ ಕೋಶದಲ್ಲಿ ಅದು ಜೀನನ್ನು ಅದುಮುವ ಪ್ರೋಟೀನುಗಳನ್ನು ಕರೆತರುತ್ತದೆ. 2000ದಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇಲಿಗಳಲ್ಲಿ ಆ 2 ಅಕ್ಷರಗಳನ್ನು ತೆಗೆದಾಗ ಅದುಮುವಿಕೆ ತಪ್ಪಿಹೋಯಿತು.

ಈಗ ಲೇಖನದ ಮೊದಲ ಮಾತಿಗೆ ಬರೋಣ. ಹಾರ್ಮೋನಿನ ಜೀನ್ ಒಂದಕ್ಷರವೂ ಕೆಡದೆ ಇದ್ದು, ಪಿಟ್-1ರ ಜೀನ್ ಕೆಟ್ಟಿದ್ದರೆ ಮೂರೂ ಹಾರ್ಮೋನುಗಳು ಒಟ್ಟಿಗೆ ಕೈಕೊಡುತ್ತವೆ. ಸ್ನೆಲ್ ಎಂಬ ತಳಿಯ ಕುಬ್ಜ ಇಲಿಗಳಲ್ಲಿ ಇದು 1990ರಲ್ಲಿ, ಮನುಷ್ಯರಲ್ಲಿ 1992ರಲ್ಲಿ ಖಚಿತವಾಯಿತು. ಪಿಟ್-1ಕ್ಕಿಂತ ಮೊದಲೇ ಕೆಲಸ ಶುರುಮಾಡುವ ಪ್ರಾಪ್-1 ಎಂಬ ಇನ್ನೊಂದು ಫ್ಯಾಕ್ಟರ್ ಕೆಟ್ಟರೆ ಈ ಮೂರರ ಜೊತೆಗೆ ಪ್ರೌಢಾವಸ್ಥೆ ತರುವ ಎಲ್‌ಎಚ್, ಎಫ್‌ಎಸ್‌ಎಚ್ ಕೂಡ ಕುಸಿಯುತ್ತವೆ. ವರ್ಷಗಳು ಕಳೆದ ಮೇಲೆ, ಅಡ್ರಿನಲ್ ಗ್ರಂಥಿಯಿಂದ ಕಾರ್ಟಿಸಾಲ್ ಹಾರ್ಮೋನನ್ನು ಹೊರಡಿಸುವ ಎಸಿಟಿಎಚ್ ಸಹ ಕುಸಿಯಬಹುದು. ಆದ್ದರಿಂದ ಪ್ರಾಪ್-1 ದೋಷವಿದ್ದವರಲ್ಲಿ ಕಾರ್ಟಿಸಾಲನ್ನು ಒಮ್ಮೆ ಅಳೆದು ಸರಿಯಿದೆ ಎಂದು ಬಿಡುವಂತಿಲ್ಲ. ದೊಡ್ಡವರಾದ ಮೇಲೂ ಆಗಾಗ ನೋಡುತ್ತಿರಬೇಕು.

ಎರಡನೆಯ ಮಾತು ಇನ್ನೂ ಗಂಭೀರ. ಥೈರಾಯ್ಡ್ ಗ್ರಂಥಿಯೇ ಸೋತಾಗ ಪಿಟ್ಯುಟರಿ ಅದನ್ನು ಎಚ್ಚರಿಸಲು ಟಿಎಸ್‌ಎಚ್ ಏರಿಸುತ್ತದೆ. ಸಾಮಾನ್ಯ ತಪಾಸಣೆ ಹಿಡಿಯುವುದು ಆ ಏರಿಕೆಯನ್ನು. ಪಿಟ್-1 ಕೆಟ್ಟಾಗ ಏರಿಸಬೇಕಾದ ಟಿಎಸ್‌ಎಚ್ ಬೇಕಾದಷ್ಟು ತಯಾರಾಗುವುದೇ ಇಲ್ಲ. ವರದಿಯಲ್ಲಿ ಅದು ಕಡಿಮೆಯಿರಬಹುದು, ನಾರ್ಮಲ್ ಎಂದೂ ಬರಬಹುದು. ಥೈರಾಯ್ಡ್ ತಯಾರಿಸುವ ಹಾರ್ಮೋನಾದ ಥೈರಾಕ್ಸಿನ್ ಮಾತ್ರ ಮಗುವಿನಲ್ಲಿ ಕೆಳಗಿರುತ್ತದೆ. ನವಜಾತ ಶಿಶುವಿನ ಹಿಮ್ಮಡಿಯಿಂದ ರಕ್ತ ತೆಗೆದು ಟಿಎಸ್‌ಎಚ್ ಮಾತ್ರ ನೋಡುವ ತಪಾಸಣೆಗೂ ಇದೇ ಕಾರಣಕ್ಕೆ ಈ ದೋಷ ಸಿಕ್ಕುವುದಿಲ್ಲ. ಟಿಎಸ್‌ಎಚ್ ಜೊತೆಗೆ ಫ್ರೀ ಟಿ4, ಅಂದರೆ ರಕ್ತದಲ್ಲಿ ಬಿಡಿಯಾಗಿರುವ ಥೈರಾಕ್ಸಿನನ್ನೂ ಅಳೆಯಲೇಬೇಕು. ಥೈರಾಕ್ಸಿನ್ ಮಾತ್ರೆ ಶುರುವಾದ ಮೇಲೂ ಡೋಸ್ ನಿರ್ಧರಿಸುವುದು ಫ್ರೀ ಟಿ4 ನೋಡಿ, ಅದನ್ನು ನಾರ್ಮಲ್ ಮಿತಿಯ ಮೇಲರ್ಧದಲ್ಲಿ ಇಡುವಂತೆ. ಟಿಎಸ್‌ಎಚ್ ತಗ್ಗಿದೆ ಎಂದು ಮಾತ್ರೆ ಕಡಿಮೆ ಮಾಡುವುದು ಇಲ್ಲಿ ನಡೆಯುವ ಸಾಮಾನ್ಯ ತಪ್ಪು.

ಪ್ರೊಲ್ಯಾಕ್ಟಿನ್ ಪರೀಕ್ಷೆ ಒಳ್ಳೆಯ ಸುಳಿವು ಕೊಡುತ್ತದೆ. ಪಿಟ್ಯುಟರಿಯನ್ನು ಮೆದುಳಿಗೆ ಜೋಡಿಸುವ ಕಾಂಡಕ್ಕೆ ಪೆಟ್ಟಾದಾಗ ಪ್ರೊಲ್ಯಾಕ್ಟಿನ್ ಏರುವುದೇ ರೂಢಿ. ಅಳತೆಗೇ ಸಿಗದಷ್ಟು ಕಡಿಮೆಯಿದ್ದರೆ ಪಿಟ್-1ರ ಕಡೆ ನೋಡಬೇಕು. ಬೆಳವಣಿಗೆಯ ಹಾರ್ಮೋನ್ ಬಿಟ್ಟು ಬಿಟ್ಟು ಸ್ರವಿಸುವುದರಿಂದ ಯಾವಾಗಲೋ ಒಮ್ಮೆ ತೆಗೆದ ರಕ್ತದಿಂದ ಏನೂ ತಿಳಿಯದು. ಕ್ಲೊನಿಡಿನ್ ಅಥವಾ ಗ್ಲುಕಗಾನ್ ಕೊಟ್ಟು ಪ್ರಚೋದಿಸಿ ನೋಡಬೇಕು, ಅದೂ ಥೈರಾಕ್ಸಿನ್ ಸರಿಪಡಿಸಿದ ಮೇಲೆ. ಥೈರಾಕ್ಸಿನ್ ಕಡಿಮೆಯಿದ್ದಾಗ ಈ ಪರೀಕ್ಷೆಯ ಫಲಿತಾಂಶ ಸುಳ್ಳಾಗಿ ಕೆಳಗೆ ಬರುತ್ತದೆ.

ಚಿಕಿತ್ಸೆಯ ಕ್ರಮದಲ್ಲಿ ರಾಜಿ ಸಲ್ಲದು. ಎಸಿಟಿಎಚ್ ಕೊರತೆಯ ಅನುಮಾನವಿದ್ದರೆ ಮೊದಲು ಬೆಳಗಿನ ಕಾರ್ಟಿಸಾಲ್ ನೋಡಿ, ಕೊರತೆಯಿದ್ದರೆ ಕಾರ್ಟಿಸಾಲ್ ಕೊರತೆ ತುಂಬುವ ಹೈಡ್ರೊಕಾರ್ಟಿಸೋನ್ ಕೊಟ್ಟ ಮೇಲೆಯೇ ಲೆವೊಥೈರಾಕ್ಸಿನ್, ಅಂದರೆ ಥೈರಾಕ್ಸಿನ್ ಮಾತ್ರೆ. ಥೈರಾಕ್ಸಿನ್ ಮೊದಲು ಕೊಟ್ಟರೆ ದೇಹ ಕಾರ್ಟಿಸಾಲನ್ನು ಬೇಗ ಖರ್ಚು ಮಾಡಿ, ರಕ್ತದೊತ್ತಡ ಕುಸಿದು ಮಗು ಪ್ರಾಣಾಪಾಯಕ್ಕೆ ಸಿಲುಕಬಹುದು. ಬೆಳವಣಿಗೆಯ ಹಾರ್ಮೋನಿನ ಚುಚ್ಚುಮದ್ದು ಶುರುವಾದ ಮೇಲೆ ಫ್ರೀ ಟಿ4, ಕಾರ್ಟಿಸಾಲ್ ಎರಡನ್ನೂ ಮತ್ತೆ ನೋಡಬೇಕು. ಅಲ್ಲಿಯವರೆಗೆ ಅಡಗಿದ್ದ ಕೊರತೆಗಳು ಆಗ ಹೊರಬರಬಹುದು.

ಜೀನ್ ಪರೀಕ್ಷೆ ಮಾಡಿಸುವವರು ಹಾರ್ಮೋನಿನ ಜೀನ್ ಜೊತೆಗೆ ಈ ಫ್ಯಾಕ್ಟರ್‌ಗಳ ಜೀನ್‌ಗಳೂ ಪಟ್ಟಿಯಲ್ಲಿವೆಯೇ ಎಂದು ಕೇಳಿಕೊಳ್ಳಬೇಕು. ವರದಿಯಲ್ಲಿ ಪಿಟ್-1ರ ಹೆಸರು ಪಿಒಯು1ಎಫ್1 ಎಂದಿರುತ್ತದೆ. ಮುಂದಿನ ಮಗುವಿನ ಲೆಕ್ಕವೂ ಅದರಿಂದ ಬದಲಾಗುತ್ತದೆ: ಪ್ರಾಪ್-1 ದೋಷದಲ್ಲಿ ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬರಬೇಕು, ಸಾಧ್ಯತೆ ನಾಲ್ಕರಲ್ಲಿ ಒಂದು, ಪಿಟ್-1ರ 271ನೇ ಅಮೈನೊ ಆಮ್ಲ ಬದಲಾಗುವ ದೋಷದಲ್ಲಿ ಒಂದೇ ಕೆಟ್ಟ ಪ್ರತಿ ಸಾಕಾಗಬಹುದು, ಏಕೆಂದರೆ ಅದರಿಂದ ತಯಾರಾದ ಪ್ರೋಟೀನ್ ಡಿಎನ್‌ಎಗೆ ಅಂಟಿಕೊಂಡು ಒಳ್ಳೆಯ ಪ್ರೋಟೀನಿನ ಕೆಲಸಕ್ಕೂ ಅಡ್ಡ ಬರುತ್ತದೆ.

– ಒಬ್ಬ ಓದುಗ