ಮೊತ್ತ ಸರಿ ಇದೆ ಎಂದು ಸುಮ್ಮನಿರಬೇಡ

ಡೊಂಬಿವಲಿ

ಚಿ. ಸುಧೀಂದ್ರನಿಗೆ ಮಾವನ ಆಶೀರ್ವಾದಗಳು.

ನೀನು ಕಳಿಸಿದ ಅಕ್ಕನ ರಿಪೋರ್ಟು ನೋಡಿದೆ. "ಟೋಟಲ್ ಪ್ರೋಟೀನ್ 7.6, ನಾರ್ಮಲ್, ಚಿಂತೆ ಇಲ್ಲ ಮಾವ" ಎಂದು ಬರೆದಿದ್ದೀಯ. ಅದರ ಕೆಳಗಿನ ಎರಡು ಸಾಲು ಓದು ಮಗಾ, ಆ ಮೊತ್ತದ ಎರಡು ಪಾಲು ಅಲ್ಲಿವೆ. ಆಲ್ಬುಮಿನ್ 2.8, ಗ್ಲಾಬ್ಯುಲಿನ್ 4.8. ಆಲ್ಬುಮಿನ್ ಮೂರೂವರೆ ದಾಟಿರಬೇಕು, ಗ್ಲಾಬ್ಯುಲಿನ್ ಅದಕ್ಕಿಂತ ಕಡಿಮೆ ಇರಬೇಕು. ಇಲ್ಲಿ ಅದಲುಬದಲಾಗಿದೆ. ಒಂದು ಇಳಿದದ್ದನ್ನು ಇನ್ನೊಂದು ಏರಿ ಮುಚ್ಚಿದೆ.

ಆಲ್ಬುಮಿನ್ ತಯಾರಾಗುವುದು ಲಿವರಿನಲ್ಲೇ. ಲಿವರ್ ಸೋತರೆ ಅದು ಇಳಿಯುತ್ತದೆ. ಏರಿರುವ ಗ್ಲಾಬ್ಯುಲಿನ್ ಬಹುಪಾಲು ಪ್ರತಿಕಾಯಗಳು, ಅಂದರೆ ಸೋಂಕಿನ ವಿರುದ್ಧ ಮೈ ಹುಟ್ಟಿಸುವ ಪ್ರೋಟೀನುಗಳು. ಕರುಳಿನ ರಕ್ತದಲ್ಲಿ ಬರುವ ಬ್ಯಾಕ್ಟೀರಿಯಾದ ಚೂರುಗಳನ್ನು ಒಳ್ಳೆಯ ಲಿವರ್ ಹಿಡಿದಿಡುತ್ತದೆ. ಗಟ್ಟಿಯಾದ ಲಿವರಿನಿಂದ ಅವು ತಪ್ಪಿಸಿಕೊಂಡು ಮೈಗೆ ಹರಡುತ್ತವೆ, ಮೈ ಬಿಡದೆ ಪ್ರತಿಕಾಯ ಹುಟ್ಟಿಸುತ್ತದೆ. ಅಕ್ಕನಿಗಂತೂ ಲಿವರನ್ನು ಕೆಡಿಸುವ ಹೆಪಟೈಟಿಸ್ ಸಿ ವೈರಸ್ಸೂ ಇದೆ. ಎಲೆಕ್ಟ್ರೋಫೊರೆಸಿಸ್ ಮಾಡಿಸು, ರಕ್ತದ ಪ್ರೋಟೀನುಗಳನ್ನು ವಿದ್ಯುತ್ತಿನಿಂದ ಬೇರ್ಪಡಿಸಿ ಗ್ರಾಫ್ ತೆಗೆಯುವ ಟೆಸ್ಟು ಅದು. ಗ್ರಾಫಿನ ಕೊನೆಯಲ್ಲಿ ಅಗಲವಾದ ಗುಡ್ಡ ಬಂದರೆ ಅದು ಲಿವರಿನವರಲ್ಲಿ ಸಾಮಾನ್ಯ. ಸೂಜಿಯಂತೆ ಒಂದೇ ಚೂಪು ಶಿಖರ ಎದ್ದಿದ್ದರೆ ರಕ್ತರೋಗದ ಡಾಕ್ಟರಿಗೆ ತೋರಿಸಲೇಬೇಕು.

ನನ್ನನ್ನು ಹೆಚ್ಚು ಕಾಡುತ್ತಿರುವುದು ಬೇರೆ. ಡಿಸೆಂಬರಿನಲ್ಲಿ ಅವಳ ಕಣಕಾಲಲ್ಲಿ ನೇರಳೆ ಚುಕ್ಕೆ ಎದ್ದಿತ್ತು, ಪಾದ ಜೋಮು ಹಿಡಿಯುತ್ತಿತ್ತು ಎಂದೆಯಲ್ಲ. ಹೆಪಟೈಟಿಸ್ ಸಿ ಇದ್ದವರ ರಕ್ತದಲ್ಲಿ ತಣ್ಣಗಾದರೆ ಗಟ್ಟಿಯಾಗುವ ಪ್ರೋಟೀನ್ ಹುಟ್ಟುವುದುಂಟು. ಕ್ರಯೋಗ್ಲಾಬ್ಯುಲಿನ್ ಅಂತಾರೆ. ಸಣ್ಣ ರಕ್ತನಾಳ, ನರ, ಕಿಡ್ನಿ ಮೂರಕ್ಕೂ ಅದರಿಂದ ಪೆಟ್ಟು. ಮೂತ್ರದಲ್ಲಿ ಪ್ರೋಟೀನ್, ರಕ್ತ ಹೋಗುತ್ತಿದೆಯೇ ಎಂದೂ ನೋಡಿಸು.

ಕ್ರಯೋಗ್ಲಾಬ್ಯುಲಿನ್ ಟೆಸ್ಟೂ ಆಗಬೇಕು, ಅದರಲ್ಲಿ ನಾನೇ ಒಮ್ಮೆ ತಪ್ಪಿದ್ದೇನೆ. ಲ್ಯಾಬಿನಲ್ಲಿದ್ದಾಗ ಒಬ್ಬರ ಟ್ಯೂಬನ್ನು ಎಸಿ ಕೆಳಗೆ ಮೇಜಿನ ಮೇಲೆ ಬಿಟ್ಟೆ. ಪ್ರೋಟೀನ್ ಅಲ್ಲೇ ಹೆಪ್ಪುಗಟ್ಟಿ ರಕ್ತದ ಗಡ್ಡೆಯ ಜೊತೆಗೇ ಹೋಯಿತು, ನಾನು "ಇಲ್ಲ" ಎಂದು ಬರೆದೆ. ತಿಂಗಳ ಮೇಲೆ ಅವರು ಮುಖ, ಕಾಲು ಊದಿಕೊಂಡು ಬಂದರು. ಆಗ 37 ಡಿಗ್ರಿ ನೀರಿನಲ್ಲೇ ಟ್ಯೂಬಿಟ್ಟು, ಗಡ್ಡೆಯ ಮೇಲೆ ನಿಲ್ಲುವ ತಿಳಿಯನ್ನು, ಅಂದರೆ ಸೀರಮ್ ಅನ್ನು, ಬೇರ್ಪಡಿಸಿ ಫ್ರಿಜ್ಜಿನಲ್ಲಿಟ್ಟೆ. ಮೂರನೆಯ ದಿನ ತಳದಲ್ಲಿ ಚಳಿಗಾಲದ ಕೊಬ್ಬರಿ ಎಣ್ಣೆಯ ಹಾಗೆ ಬೆಳ್ಳಗೆ ಕೂತಿತ್ತು. ಬಿಸಿನೀರಿಗಿಟ್ಟರೆ ಕರಗಿ ತಿಳಿಯಾಯಿತು. ಆ ಬಿಳುಪು ಇವತ್ತಿಗೂ ಕಣ್ಣಿಗೆ ಕಟ್ಟಿದೆ.

ಮನೆಗೆ ಬಂದು ರಕ್ತ ತೆಗೆದುಕೊಂಡು ಸ್ಕೂಟರಿನಲ್ಲಿ ಒಯ್ಯುವವರ ಕೈಗೆ ಈ ಟೆಸ್ಟು ಕೊಡಬೇಡ. ಅಕ್ಕನನ್ನೇ ಲ್ಯಾಬಿಗೆ ಕರೆದುಕೊಂಡು ಹೋಗು.

ಪ್ರೋಟೀನ್ ಪೌಡರ್ ತಂದು ಆಲ್ಬುಮಿನ್ ಏರಿಸಲು ಹೋಗಬೇಡ, ಹಾಗೆಂದು ಬೇಳೆ, ಮೊಸರು ನಿಲ್ಲಿಸಲೂ ಬೇಡ. ಬೇರು ವೈರಸ್ಸಿನಲ್ಲಿದೆ. ನೀನು ಹುಟ್ಟಿದಾಗ ಅವಳಿಗೆ ರಕ್ತ ಕೊಟ್ಟಿದ್ದರು. ಈ ವೈರಸ್ಸು ಗುರುತಾದದ್ದೇ 1989ರಲ್ಲಿ, ಅದಕ್ಕೂ ಮುಂಚೆ ಕೊಟ್ಟ ರಕ್ತವನ್ನು ಪರೀಕ್ಷಿಸುವ ದಾರಿಯೇ ಇರಲಿಲ್ಲ. ಲಿವರ್ ಎಂದ ಕೂಡಲೇ ಕುಡಿತ ಎನ್ನುವ ನೆಂಟರಿಗೆ ಇದನ್ನು ನೇರವಾಗಿ ಹೇಳು, ಅಕ್ಕ ತಲೆ ತಗ್ಗಿಸುವುದು ನನಗೆ ಸಹಿಸದು. ಈಗ ಮಾತ್ರೆಗಳಿವೆ, ಸಾಮಾನ್ಯವಾಗಿ 12 ವಾರ, ನೂರರಲ್ಲಿ 95 ಜನಕ್ಕೆ ವೈರಸ್ ಹೋಗುತ್ತದೆ. 2018ರಿಂದ ಸರ್ಕಾರದ ಕಾರ್ಯಕ್ರಮದಲ್ಲಿ ಉಚಿತ. ಪುಣೆಯ ಸಸೂನ್ ಆಸ್ಪತ್ರೆಯಲ್ಲಿ ವಿಚಾರಿಸು. ವೈರಸ್ ಹೋದ ಮೇಲೂ ಕ್ರಯೋಗ್ಲಾಬ್ಯುಲಿನ್ ಕೆಲವರಲ್ಲಿ ಉಳಿಯುತ್ತದೆ, ಅದಕ್ಕೇ ಮತ್ತೆ ಮತ್ತೆ ನೋಡಿಸಬೇಕು.

ಸೋಮವಾರ ಕಲ್ಯಾಣದಲ್ಲಿ ಇಂದ್ರಾಯಣಿ ರೈಲು ಹತ್ತಿ ಬರುತ್ತೇನೆ. ಟ್ಯೂಬು ಬೆಚ್ಚಗಿಡಲು ಥರ್ಮಾಸು, ಥರ್ಮಾಮೀಟರು ನಾನೇ ತರುತ್ತೇನೆ. ಅಲ್ಲಿಯವರೆಗೆ ಅಕ್ಕನ ಕಾಲಿಗೆ ಉಣ್ಣೆಯ ಕಾಲುಚೀಲ ಹಾಕಿಸು.

ನಿನ್ನ ಮಾವ