ಪಟ ತಡೆದ ಮೇಲೆ: ಮಗಳಿಗೊಂದು ಪತ್ರ

ಅಕ್ಕಲಕೋಟೆ

ಚಿರಂಜೀವಿ ಮಗಳಿಗೆ ನಿನ್ನ ಅಪ್ಪನ ಆಶೀರ್ವಾದಗಳು.

ನೀನು ಕಳಿಸಿದ ಕುಸ್ತಿ ಪಂದ್ಯದ ವಿಡಿಯೊವನ್ನು ನಾಲ್ಕು ಸಲ ನೋಡಿದೆ. ನೀನು ಮೂರು ಬಾರಿ ದುಹೇರಿ ಪಟಕ್ಕೆ, ಅಂದರೆ ಎದುರಾಳಿಯ ಎರಡೂ ಕಾಲು ಹಿಡಿದು ಕೆಡವುವ ಪಟ್ಟಿಗೆ, ನುಗ್ಗಿದೆ. ಮೂರು ಬಾರಿಯೂ ಆ ಎದುರಾಳಿ ಹುಡುಗಿ ಕಾಲುಗಳನ್ನು ಹಿಂದಕ್ಕೆ ಚೆಲ್ಲಿ, ಸೊಂಟದ ಭಾರವನ್ನೆಲ್ಲ ನಿನ್ನ ಹೆಗಲ ಮೇಲೆ ಹಾಕಿದಳು. ನುಗ್ಗಿದ ರೀತಿಯಲ್ಲಿ ನನಗೆ ತಪ್ಪು ಕಾಣಲಿಲ್ಲ. ತಡೆದ ಮೇಲೆ ಕೈ ಚಾಚಿ, ತಲೆ ತಗ್ಗಿಸಿ, ಮಂಡಿಯೂರಿ ಸುಮ್ಮನೆ ಉಳಿದೆಯಲ್ಲ, ಅಷ್ಟರಲ್ಲಿ ಆಕೆ ಸುತ್ತಿಬಂದು ಬೆನ್ನು ಹಿಡಿದು ಪ್ರತಿ ಸಲವೂ 2 ಅಂಕ ಪಡೆದಳು.

ಹಾಗೆ ಸುಮ್ಮನಿರುವ ಅಭ್ಯಾಸವನ್ನು ನಿನಗೆ ಹಚ್ಚಿದವನು ನಾನೇ. ನಮ್ಮ ಜಾತ್ರೆಯ ಕುಸ್ತಿಯಲ್ಲಿ ಅಂಕಗಳ ಲೆಕ್ಕವಿರಲಿಲ್ಲ. ಬೆನ್ನು ಮಣ್ಣಿಗೆ ಹತ್ತಿದರೆ ಸೋಲು. ಆದ್ದರಿಂದ ಪಟ ತಪ್ಪಿದಾಗ ಹೊಟ್ಟೆ ಊರಿ, ಎದುರಾಳಿ ದಣಿಯುವವರೆಗೆ ಮಣ್ಣಿಗೆ ಅಂಟಿಕೊಂಡಿರುವುದು ನಮಗೆ ಜಾಣತನವಾಗಿತ್ತು. ಮ್ಯಾಟಿನ ಮೇಲೆ 3 ನಿಮಿಷದ ಎರಡು ಸುತ್ತುಗಳಲ್ಲಿ ಆ ತಾಳ್ಮೆಗೆ ಜಾಗವಿಲ್ಲ. ಕರಾಡದ ಬಳಿಯ ಗೋಳೇಶ್ವರದ ಕುಸ್ತಿಪಟು ಖಾಶಾಬಾ ಜಾಧವರೇ 1948ರಲ್ಲಿ ಲಂಡನ್ನಿನ ಒಲಿಂಪಿಕ್ಸಿಗೆ ಹೋದಾಗ ಮ್ಯಾಟಿಗೆ ಹೊಸಬರಾಗಿದ್ದು, ಆರನೆಯ ಸ್ಥಾನ ಪಡೆದು ಮರಳಿದ್ದರು; ಕಂಚು ಬಂದದ್ದು 1952ರಲ್ಲಿ, ಹೆಲ್ಸಿಂಕಿಯಲ್ಲಿ.

ಇನ್ನು ತಡೆದ ಮೇಲಿನ ಮಾತು. ಎಲ್ಲಕ್ಕಿಂತ ಮೊದಲು ತಲೆಯನ್ನು ನೋಡಿಕೊ. ಅದು ಆಕೆಯ ಎದೆಯಡಿ ಸಿಕ್ಕರೆ ಕುತ್ತಿಗೆಯನ್ನು ನೀನೇ ಕೊಟ್ಟಂತೆ. ತಲೆಯೆತ್ತಿ ಕಿವಿಯನ್ನು ಆಕೆಯ ಪಕ್ಕೆಗೆ ಒತ್ತಿಡು. ಅದೇ ಉಸಿರಿನಲ್ಲಿ ಮಂಡಿಗಳನ್ನು ನಿನ್ನ ಸೊಂಟದ ಕೆಳಗೆ ಎಳೆದುಕೊಂಡು ಮೊಣಕೈಗಳನ್ನು ಮೈಗೆ ತಂದುಕೊ, ಏಕೆಂದರೆ ಚಾಚಿದ ಕೈಯಲ್ಲಿ ಬಲ ನಿಲ್ಲುವುದಿಲ್ಲ. ಎರಡು ಕಾಲುಗಳ ಆಸೆ ಬಿಡು. ನಿನ್ನ ತಲೆಯಿರುವ ಬದಿಯ ಒಂದೇ ಕಾಲನ್ನು ಎರಡೂ ಕೈಗಳಿಂದ ತಬ್ಬಿ, ಒಂದು ಪಾದ ಊರಿ, ಏಕೇರಿ ಪಟವಾಗಿ ಮೇಲೇಳು. ನೇರಕ್ಕೆ ತಳ್ಳಿದರೆ ಆಕೆಯ ಪೂರ್ತಿ ಭಾರವೇ ಎದುರಾಗುತ್ತದೆ, ಆದ್ದರಿಂದ ಬದಿಗೆ ಸುತ್ತುತ್ತ ಏಳಬೇಕು. ಕಾಲು ಸಿಗದಿದ್ದರೂ ಗಾಬರಿಯಾಗಬೇಡ. ಬೆನ್ನಿಗೆ ಬರಲು ಆಕೆ ಸುತ್ತತೊಡಗಿದ ಗಳಿಗೆಯಲ್ಲಿ ಎದೆಯ ಭಾರ ಹಗುರಾಗುತ್ತದೆ. ಆಕೆ ಹೋಗುವ ದಿಕ್ಕಿಗೇ ನೀನೂ ತಿರುಗಿ, ಮಣಿಕಟ್ಟು ಹಿಡಿದು ಮುಖಾಮುಖಿಯಾಗು. ಕುತ್ತಿಗೆಗೆ ಕೈ ಸುತ್ತಿದ್ದರೆ ಮಾತ್ರ ಮೊದಲು ಆ ಕೈಯನ್ನು ಬಿಡಿಸು, ತಲೆಯನ್ನು ಜಗ್ಗಬೇಡ.

ಅಭ್ಯಾಸವನ್ನು ನಿಂತಲ್ಲಿಂದ ಶುರುಮಾಡಬೇಡ. ಜೊತೆಗಾತಿಗೆ ಮೊದಲೇ ಮೇಲೆ ಭಾರ ಹಾಕಲು ಹೇಳಿ, ಆ ಸಿಕ್ಕಿಬಿದ್ದ ಸ್ಥಿತಿಯಿಂದಲೇ ಆರಂಭಿಸು. ಮೊಬೈಲು ನೋಡಿ ವಸ್ತಾದನಾದವನ ಮಾತು ಇದು. ನಿಮ್ಮ ತಾಲೀಮಿನ ವಸ್ತಾದರು ಬೇರೆ ಹೇಳಿದರೆ ಅವರು ಹೇಳಿದಂತೆಯೇ ನಡೆ.

ಮೂರನೆಯ ಸಲ ಎದ್ದಾಗ ನೀನು ಕುತ್ತಿಗೆ ಹಿಡಿದುಕೊಂಡದ್ದನ್ನು ನಿಮ್ಮವ್ವ ನೋಡಿದ್ದಾಳೆ. ನೋವು ಇನ್ನೂ ಇದೆಯೇ ಎಂಬುದನ್ನು ಮುಚ್ಚಿಡದೆ ಬರೆ.

ನಿನ್ನ ಅಪ್ಪ