ಕೊನೆಯ ಹಾಡನ್ನು ನನ್ನ ಜೊತೆ ಕೂತು ಕೇಳಿದವರಿಗೆ

2024ರ ಆಗಸ್ಟ್ 20ಕ್ಕೆ ನಾನು ಕುಡಿತ ಬಿಟ್ಟು ಒಂದು ವರ್ಷ ತುಂಬಿತು. ಇದನ್ನು ಎಲ್ಲರೆದುರು ಬರೆಯಬೇಕೋ ಬೇಡವೋ ಎಂದು ಮೂರು ದಿನ ಯೋಚಿಸಿದೆ. "ಮನಸ್ಸಲ್ಲೇ ಇಟ್ಕೊಂಡ್ರೆ ಅವ್ರಿಗೆ ಹೆಂಗ್ ಗೊತ್ತಾಗ್ಬೇಕು? ಬರೀರಿ" ಎಂದಳು ಹೆಂಡತಿ. ಹಾಗಾಗಿ ಬರೆಯುತ್ತಿದ್ದೇನೆ.

ಮೊದಲ ಥ್ಯಾಂಕ್ಸ್ ನನ್ನ ಪರಿಚಯವೇ ಇಲ್ಲದ ಒಬ್ಬರಿಗೆ. ಡೆಟ್ರಾಯ್ಟ್‌ನ ರ‍್ಯಾಪ್ ಹಾಡುಗಾರ ಎಮಿನೆಮ್‌ಗೆ.

2003ರಲ್ಲಿ ದಾವಣಗೆರೆಯ ಹಾಸ್ಟೆಲಿನಲ್ಲಿ ರೂಮ್‌ಮೇಟ್ ಒಂದು ಎಂಪಿತ್ರೀ ಸಿಡಿ ತಂದಿದ್ದ. ನಾನು ಕನ್ನಡ ಮೀಡಿಯಂ ಹುಡುಗ. ಒಂದು ಸಾಲೂ ಅರ್ಥವಾಗಲಿಲ್ಲ, ಆದರೆ ಬಿಡಲೂ ಆಗಲಿಲ್ಲ. ಸೈಬರ್ ಕೆಫೆಯಲ್ಲಿ ಸಾಹಿತ್ಯ ಪ್ರಿಂಟ್ ಹಾಕಿಸಿ, ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಓದಿದೆ. ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು ಆದಿಪ್ರಾಸ ಹೇಳಿಕೊಟ್ಟಿದ್ದರು, ಸಾಲಿನ ಎರಡನೇ ಅಕ್ಷರ ನೋಡಿ ಎಂದು. ಈ ಮನುಷ್ಯ ಸಾಲಿನ ಶುರು, ನಡು, ಕೊನೆ ಎಲ್ಲ ಕಡೆಯೂ ಪ್ರಾಸ ಕೂರಿಸುತ್ತಿದ್ದ. ಪೆನ್ಸಿಲಿನಲ್ಲಿ ಗೆರೆ ಎಳೆದು ಎಳೆದು ಹಾಳೆ ಹರಿದೇ ಹೋಗುತ್ತಿತ್ತು. ನಾನು ಇಂಗ್ಲಿಷ್ ಕಲಿತದ್ದು ಹೀಗೆ.

2009ರಲ್ಲಿ ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಓದಲು ಡೆಟ್ರಾಯ್ಟ್‌ಗೆ ಬಂದೆ. ಬಂದ ಮೊದಲ ಭಾನುವಾರವೇ ವುಡ್‌ವರ್ಡ್ ರಸ್ತೆಯ ಬಸ್ಸು ಹತ್ತಿ, ಎಮಿನೆಮ್ ಸಿನಿಮಾಕ್ಕೆ ಹೆಸರು ಕೊಟ್ಟ 8 ಮೈಲ್ ರಸ್ತೆ ನೋಡಿಕೊಂಡು ಬಂದೆ. ಡೆಟ್ರಾಯ್ಟ್ ನಗರ ಮುಗಿದು ಉಪನಗರಗಳು ಶುರುವಾಗುವ ಗಡಿ ಅದು. ನೋಡಲು ಏನೂ ಇಲ್ಲ. ಅಗಲವಾದ ರಸ್ತೆ, ಪೆಟ್ರೋಲ್ ಬಂಕುಗಳು, ಬಾಗಿಲು ಹಾಕಿದ ಅಂಗಡಿಗಳು. ಆದರೂ ಅಲ್ಲಿ ನಿಂತು ಅಮ್ಮನಿಗೆ ಫೋನ್ ಮಾಡಿದ್ದೆ.

2020ರಲ್ಲಿ ಅಪ್ಪ ತೀರಿಕೊಂಡರು. ಆಗ ವಿಮಾನಗಳೇ ಇರಲಿಲ್ಲ. ಮಣ್ಣು ಮಾಡುವುದನ್ನು ಫೋನಿನ ಪರದೆಯಲ್ಲಿ ನೋಡಿದೆ. ಅಲ್ಲಿಯವರೆಗೆ ಶನಿವಾರಕ್ಕೆ ಮಾತ್ರ ಇದ್ದ ಕುಡಿತ ದಿನಾ ಆಯಿತು. ಬಾಟಲಿಯನ್ನು ಗ್ಯಾರೇಜಿನಲ್ಲಿ, ಹಿಮ ಎತ್ತುವ ಸಲಿಕೆಗಳ ಹಿಂದೆ ಇಡುತ್ತಿದ್ದೆ.

2023ರ ಯುಗಾದಿ ಕಾರ್ಯಕ್ರಮದಲ್ಲಿ ಮಗಳ ಮೊದಲ ಡ್ಯಾನ್ಸ್ ಇತ್ತು. ಶಾಲೆಯ ಸಭಾಂಗಣವೊಂದರಲ್ಲಿ. "ಕಾರು ನಿಲ್ಲಿಸಿ ಬರ್ತೀನಿ" ಎಂದು ಹೋದವನು ಕಾರಿನಲ್ಲೇ ನಿದ್ದೆ ಹೋದೆ. ಗಾಜು ತಟ್ಟಿದ ಸದ್ದಿಗೆ ಎಚ್ಚರವಾಯಿತು. ಮಗಳು ನಿಂತಿದ್ದಳು. ಕಾಲಲ್ಲಿ ಗೆಜ್ಜೆ ಇನ್ನೂ ಹಾಗೇ ಇತ್ತು, ಬಿಚ್ಚಿರಲಿಲ್ಲ. "ಅಪ್ಪಾ, ಮುಗೀತು" ಎಂದಳು. ಅಷ್ಟೇ. ಅಳಲೂ ಇಲ್ಲ.

ಅಂದೇ ಬಿಟ್ಟೆ ಎಂದರೆ ಸುಳ್ಳಾಗುತ್ತದೆ. ಇನ್ನೂ ಐದು ತಿಂಗಳು ಹಿಡಿಯಿತು. ಕೊನೆಗೆ ನಮ್ಮ ಕನ್ನಡ ಕೂಟದ ಅಕ್ಕ ಒಬ್ಬರು ಮನೆಗೆ ಬಂದು, "ನಡಿ, ಕಾರು ಹತ್ತು" ಎಂದರು. ಚರ್ಚ್ ಒಂದರ ನೆಲಮಾಳಿಗೆಯಲ್ಲಿ ಕುಡಿತ ಬಿಟ್ಟವರ ಸಭೆ ನಡೆಯುತ್ತಿತ್ತು. ಒಂದು ಗಂಟೆಯ ಮೇಲೆ ಹೊರಗೆ ಬಂದಾಗ ಅಕ್ಕ ಕಾರಿನಲ್ಲಿ ಕೂತು ಹೂಬತ್ತಿ ಹೊಸೆಯುತ್ತಿದ್ದರು. ಮಡಿಲ ಮೇಲೆ ಸಾಲಾಗಿ ಬತ್ತಿಗಳು. ಒಳಗೆ ಏನಾಯಿತು ಎಂದು ಕೇಳಲಿಲ್ಲ. "ಹಸಿವಾಗಿದ್ಯಾ?" ಎಂದು ಕೇಳಿದರು. ಹೀಗೆ ಎರಡು ತಿಂಗಳು ಪ್ರತಿ ಸಭೆಗೂ ಅವರೇ ಕರೆದುಕೊಂಡು ಹೋದರು. ಅಕ್ಕ, ಆ ಋಣ ನನ್ನಿಂದ ತೀರುವುದಿಲ್ಲ.

ಕೂಟದ ಉಳಿದ ಗೆಳೆಯರಿಗೂ ನಮಸ್ಕಾರ. ಪಾರ್ಟಿಗಳಲ್ಲಿ ನಾನು ಬರುವ ಮೊದಲೇ ನನ್ನ ಲೋಟಕ್ಕೆ ಮಜ್ಜಿಗೆ ಹಾಕಿಟ್ಟವರು ನೀವು. ಒಬ್ಬರೂ ಯಾಕೆ ಎಂದು ಕೇಳಲಿಲ್ಲ.

ಇನ್ನು ಎಮಿನೆಮ್ ಅವರ ಆಲ್ಬಂ ವಿಷಯ. ಎಮಿನೆಮ್ 2007ರ ಡಿಸೆಂಬರಿನಲ್ಲಿ ಮಾತ್ರೆಗಳು ಜಾಸ್ತಿಯಾಗಿ ಸಾಯುವ ಹಂತಕ್ಕೆ ಹೋಗಿದ್ದರು. 2008ರ ಏಪ್ರಿಲ್ 20ರಿಂದ ಇಂದಿನವರೆಗೂ ಮುಟ್ಟಿಲ್ಲ. ಆ ದಿನಗಳಲ್ಲಿ ಬ್ರಿಟಿಷ್ ಗಾಯಕ ಎಲ್ಟನ್ ಜಾನ್ ವಾರಕ್ಕೊಮ್ಮೆ ಫೋನ್ ಮಾಡಿ ವಿಚಾರಿಸುತ್ತಿದ್ದರಂತೆ. ಹದಿನಾರು ವರ್ಷವಾದ ಮೇಲೆ, ಈ ಜುಲೈ 12ಕ್ಕೆ, 'ದಿ ಡೆತ್ ಆಫ್ ಸ್ಲಿಮ್ ಶೇಡಿ' ಬಂತು. ಅವರೇ ಹುಟ್ಟುಹಾಕಿದ ಆ ತುಂಟ, ಕೆಟ್ಟ ಬಾಯಿಯ ಪಾತ್ರವನ್ನು ಸಾಯಿಸುವ ಆಲ್ಬಂ. ಮೇ ತಿಂಗಳಲ್ಲೇ ಇಲ್ಲಿನ ಡೆಟ್ರಾಯ್ಟ್ ಫ್ರೀ ಪ್ರೆಸ್ ಪತ್ರಿಕೆಯಲ್ಲಿ ಸ್ಲಿಮ್ ಶೇಡಿಯ ನಿಧನವಾರ್ತೆ ಹಾಕಿಸಿದ್ದರು. ಪಕ್ಕದ ಮನೆಯವರು ಅದನ್ನು ಕತ್ತರಿಸಿ ನನಗೆ ಕೊಟ್ಟರು.

ಇಪ್ಪತ್ತು ವರ್ಷದ ಅಭಿಮಾನಿಯಾಗಿ ಮನಸ್ಸಿನಲ್ಲಿದ್ದದ್ದನ್ನು ಹೇಳುತ್ತೇನೆ. ಹತ್ತೊಂಬತ್ತು ಟ್ರ್ಯಾಕ್‌ಗಳಲ್ಲಿ ಅರ್ಧದಷ್ಟು ನನಗೆ ಹಿಡಿಸಲಿಲ್ಲ. ನಾಲಿಗೆಯ ಓಟ ಹಾಗೇ ಇದೆ, ಪ್ರಾಸ ಇನ್ನೂ ಬಿಗಿಯಾಗಿದೆ. ಆದರೆ ಅಂಗವಿಕಲರನ್ನು ಆಡಿಕೊಳ್ಳುವ ಸಾಲುಗಳನ್ನು ಐವತ್ತು ದಾಟಿದವರ ಬಾಯಲ್ಲಿ ಕೇಳಲು ಬೇಜಾರಾಯಿತು. ಆ ಪಾತ್ರದ ಮಾತು ಅದು, ಅವರದ್ದಲ್ಲ ಎನ್ನಬಹುದು. ನನಗೆ ಆ ಸಮಾಧಾನ ಸಾಕಾಗಲಿಲ್ಲ.

ಇನ್ನೊಂದು ತಕರಾರೂ ಇದೆ. ಒಂದು ಹಾಡಿನಲ್ಲಿ ಅವರೂ ಸ್ಲಿಮ್ ಶೇಡಿಯೂ ಎದುರುಬದುರು ನಿಂತು ಜಗಳವಾಡುತ್ತಾರೆ. ಆ ಜಗಳ ನನಗೆ ಚೆನ್ನಾಗಿ ಗೊತ್ತು. ಗ್ಯಾರೇಜಿನ ಬಾಗಿಲ ಹತ್ತಿರ ನನ್ನೊಳಗೂ ಇಬ್ಬರು ಮಾತಾಡುತ್ತಾರೆ, ಈಗಲೂ. ಆದರೆ ಅವನನ್ನು ಸಾಯಿಸಿ ಮುಗಿಸಲು ನನಗೆ ಆಗಿಲ್ಲ. ಅವನು ಬರುತ್ತಾನೆ, ಮಾತಾಡುತ್ತಾನೆ, ನಾನು ಯಾರಿಗಾದರೂ ಫೋನ್ ಮಾಡುತ್ತೇನೆ, ಆ ಹೊತ್ತಿಗೆ ಹೋಗುತ್ತಾನೆ. ಹದಿನಾರು ವರ್ಷ ಕಳೆದವರಿಗೆ ಇದು ನನಗಿಂತ ಜಾಸ್ತಿ ಗೊತ್ತಿರುತ್ತದೆ, ಅಲ್ವಾ?

ಗೊತ್ತಿದೆ ಎನ್ನುವುದು ಕೊನೆಯ ಹಾಡಿನಲ್ಲಿ ಕಾಣುತ್ತದೆ. ಜೆಲ್ಲಿ ರೋಲ್ ಎಂಬ ಗಾಯಕನ ಜೊತೆ ಮಾಡಿದ ಹಾಡು. ಅಂದು ತಾನು ಉಳಿಯದೇ ಹೋಗಿದ್ದರೆ ಎಂದುಕೊಂಡು, ಸತ್ತ ಅಪ್ಪನಾಗಿ ಮಕ್ಕಳ ಹತ್ತಿರ ಕ್ಷಮೆ ಕೇಳುತ್ತಾರೆ. ಮಗಳ ಗಿಟಾರ್ ಕಾರ್ಯಕ್ರಮ ತಪ್ಪಿಸಿಕೊಂಡೆ ಎನ್ನುತ್ತಾರೆ. ಅಲ್ಲಿಗೆ ಬಂದಾಗ ನಾನು ಹಾಡು ನಿಲ್ಲಿಸಿಬಿಟ್ಟೆ. ಎರಡು ವಾರ ಮುಂದೆ ಕೇಳಲು ಆಗಲಿಲ್ಲ.

ಸಭೆಯಲ್ಲಿ ನನ್ನ ಕೈಹಿಡಿದು ನಡೆಸುತ್ತಿರುವ ಹಿರಿಯರೊಬ್ಬರಿದ್ದಾರೆ. ಅಂಥವರನ್ನು ಅಲ್ಲಿ ಸ್ಪಾನ್ಸರ್ ಎನ್ನುತ್ತಾರೆ. ಎಪ್ಪತ್ತೊಂದು ವರ್ಷ, ಕಾರು ಕಾರ್ಖಾನೆಯಲ್ಲಿ ಇಡೀ ಆಯುಷ್ಯ ದುಡಿದವರು, ಡೆಟ್ರಾಯ್ಟ್‌ನಲ್ಲೇ ಹುಟ್ಟಿ ಬೆಳೆದವರು. 1988ರಲ್ಲಿ ಮುಚ್ಚಿದ ಮಿಷಿಗನ್ ಸೆಂಟ್ರಲ್ ರೈಲು ನಿಲ್ದಾಣ ಈ ಜೂನ್ 6ಕ್ಕೆ ಮತ್ತೆ ತೆರೆದಾಗ ಎಮಿನೆಮ್ ಅಲ್ಲಿ ಹಾಡಿದರು. ಇವರು ಅದನ್ನು ಟೀವಿಯಲ್ಲಿ ನೋಡಿದ್ದು ಕಟ್ಟಡಕ್ಕಾಗಿ. ರ‍್ಯಾಪ್ ಅವರಿಗೆ ಆಗುವುದಿಲ್ಲ. ಅವರದ್ದೇನಿದ್ದರೂ ಡೆಟ್ರಾಯ್ಟ್‌ನಲ್ಲೇ ಹುಟ್ಟಿದ ಮೋಟೌನ್ ಎಂಬ ಹಳೆಯ ರೆಕಾರ್ಡ್ ಕಂಪನಿಯ ಕಾಲದ ಹಾಡುಗಳು.

ಹಾಡು ಅರ್ಧಕ್ಕೆ ನಿಲ್ಲಿಸಿದ ವಿಷಯ ಹೇಳಿದೆ. ಸಭೆ ಮುಗಿದ ಮೇಲೆ ತಮ್ಮ ಕಾರಿನ ಬಾಗಿಲು ತೆಗೆದು, "ಹಾಕು, ಇಬ್ಬರೂ ಕೇಳೋಣ" ಎಂದರು. ಶುರುವಿನಿಂದ ಕೊನೆಯವರೆಗೂ ಸ್ಟೀರಿಂಗ್ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತಿದ್ದರು. ನಾನು ಅತ್ತೆ. ಅವರು ಸಮಾಧಾನ ಮಾಡಲಿಲ್ಲ, ಅಳಲು ಬಿಟ್ಟರು. ಹಾಡು ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ನೆ ಇದ್ದು, "ನನ್ನ ಮಗಳಿಗೆ ಈಗ ನಲವತ್ತು" ಎಂದರು. ಅದಕ್ಕಿಂತ ಜಾಸ್ತಿ ಹೇಳಲಿಲ್ಲ.

ಮೊನ್ನೆ ಸಭೆಯಲ್ಲಿ ಒಂದು ವರ್ಷದ ಕಂಚಿನ ನಾಣ್ಯ ಕೊಟ್ಟರು. ನನಗೆ ಕೊಡುವ ಮೊದಲು ಅದು ಎಲ್ಲರ ಕೈಯಿಂದ ಕೈಗೆ ಹೋಯಿತು. ಪ್ರತಿಯೊಬ್ಬರೂ ಒಂದು ಕ್ಷಣ ಮುಷ್ಟಿಯಲ್ಲಿ ಹಿಡಿದು ಮುಂದೆ ದಾಟಿಸಿದರು. ನನ್ನ ಕೈಗೆ ಬರುವಾಗ ಬೆಚ್ಚಗಿತ್ತು. ಮನೆಗೆ ತಂದು ಮಗಳಿಗೆ ತೋರಿಸಿದೆ. ದೇವರ ಮನೆಯಲ್ಲಿ ಅಪ್ಪನ ಫೋಟೋ ಪಕ್ಕ ಇಟ್ಟಿದ್ದಾಳೆ.

ಸೆಪ್ಟೆಂಬರ್ 7ಕ್ಕೆ ಗಣೇಶನ ಹಬ್ಬ. ಸಂಜೆ ಕೂಟದ ಕಾರ್ಯಕ್ರಮದಲ್ಲಿ ಅವಳ ಡ್ಯಾನ್ಸ್ ಇದೆ. ನಮ್ಮ ಹಿರಿಯರು ಎಷ್ಟು ಗಂಟೆಗೆ, ಎಲ್ಲಿ ಎಂದು ಕೇಳಿ ಚೀಟಿಯಲ್ಲಿ ಬರೆದುಕೊಂಡಿದ್ದಾರೆ. ಅಕ್ಕ, ನಿಮ್ಮ ಪಕ್ಕದಲ್ಲಿ ಎರಡು ಸೀಟು ಹಿಡಿದಿಡಿ, ಒಂದು ಅವರಿಗೆ, ಇನ್ನೊಂದು ನನಗೆ. ಕಾರನ್ನು ಈ ಸಲ ಹೆಂಡತಿ ನಿಲ್ಲಿಸಿ ಬರುತ್ತಾಳೆ. ನಾನು ಮಗಳ ಜೊತೆಗೇ ಒಳಗೆ ಬರುತ್ತೇನೆ.